ಉಪ್ಪು ನೋಡುವವಳು

ಅತ್ತೆಯ ಮನೆಯ ಹಿತ್ತಲಿನಲ್ಲಿ ರಂಜಾನ್ ತಿಂಗಳು ಪೂರ್ತಿ ಗಂಜಿ ಬೇಯುತ್ತಿತ್ತು. ಮನೆ ಇದ್ದದ್ದು ಶಿವಮೊಗ್ಗದಲ್ಲಿ, ಪೇಟೆಯಿಂದ ತುಂಗಾ ಹೊಳೆಯ ಕಡೆಗೆ ಇಳಿಯುವ ಒಂದು ಗಲ್ಲಿಯಲ್ಲಿ. ಗಲ್ಲಿಯ ಬಾಯಲ್ಲಿ ಮಸೀದಿ. ಜಮಾತಿನ ಗಂಡಸರು ಅಕ್ಕಿ, ಬೇಳೆ, ಸೌದೆ ಹೊಂದಿಸಿ ತಂದು ಹಾಕುತ್ತಿದ್ದರು. ಬೇಯಿಸುವುದು, ಬಡಿಸುವುದು ಗಲ್ಲಿಯ ಹೆಂಗಸರ ಪಾಲು. ಅದಕ್ಕೆಲ್ಲ ನಮ್ಮ ಅತ್ತೆಯೇ ಯಜಮಾನಿ.

ಕಲಾಯಿ ಹಾಕಿಸಿದ ತಾಮ್ರದ ದೊಡ್ಡ ದೇಗು ಒಂದಿತ್ತು. ಅದರಲ್ಲಿ ಬೆಂದ ಗಂಜಿ ಎರಡು ಕಡೆ ಹೋಗುತ್ತಿತ್ತು. ಒಂದು ಪಾಲು ರೋಜಾ ಬಿಡುವವರಿಗೆಂದು ಮಸೀದಿಗೆ. ಇನ್ನೊಂದು ಪಾಲು ಹಿತ್ತಲ ಬಾಗಿಲಿಗೆ ಬಂದು ನಿಲ್ಲುವವರಿಗೆ. ಅಲ್ಲಿಗೆ ಬರುವವರು ಹೆಚ್ಚಾಗಿ ನಮ್ಮವರಲ್ಲ. ರೈಲ್ವೆ ಗೂಡ್ಸ್ ಶೆಡ್ಡಿನ ಹಮಾಲರು, ಹೊಳೆದಂಡೆಯ ಗುಡಿಸಲಿನವರು, ಬಯಲುಸೀಮೆಯಿಂದ ಭತ್ತದ ಕೊಯ್ಲಿಗೆಂದು ಬಂದು ಕೆಲಸ ಸಿಗದೆ ಉಳಿದವರು. ಮಸೀದಿಯವರು ಸೂರ್ಯ ಮುಳುಗಿ ಬಾಂಗ್ ಕೂಗುವ ತನಕ ಕಾಯಬೇಕು. ಬಾಗಿಲಿಗೆ ಬಂದವರನ್ನು ಅತ್ತೆ ಕಾಯಿಸುತ್ತಿರಲಿಲ್ಲ. "ಅವರು ರೋಜಾ ಹಿಡಿದು ಹಸಿದಿದ್ದಾರಾ? ಇಲ್ಲದೆ ಹಸಿದಿದ್ದಾರೆ. ಅವರಿಗೆ ಬಾಂಗ್ ಯಾಕೆ ಕಾಯಬೇಕು?" ಎನ್ನುತ್ತಿದ್ದರು. ಹಾಗಾಗಿ ಅವರಿಗೆ ಸಂಜೆ ಐದಕ್ಕೇ ಬಡಿಸುತ್ತಿದ್ದೆವು.

ಮನೆಯಲ್ಲಿ ನಾವು ಆಡುತ್ತಿದ್ದುದು ದಖ್ನಿ. ಬಾಗಿಲಿಗೆ ಬಂದವರೊಡನೆ ಕನ್ನಡ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಕನ್ನಡದಲ್ಲೇ ಹೇಳಿದ ಒಂದು ಮಾತು ಇದೆ. ಅದು ಬಂದಾಗ ಹೇಳುತ್ತೇನೆ.

ಗಂಜಿ ಬೇಯಿಸುವವರೆಲ್ಲ ರೋಜಾ ಹಿಡಿದವರು. ಬೆಳಗಿನಿಂದ ಒಂದು ಗುಟುಕು ನೀರೂ ಇಲ್ಲ. ಹಾಗಿದ್ದ ಮೇಲೆ ಉಪ್ಪು ಸರಿಯಾಗಿದೆಯೇ ಎಂದು ನೋಡುವವರು ಯಾರು? ನಾಲಿಗೆಯ ತುದಿಗೆ ತಾಗಿಸಿ ಉಗುಳಿದರೆ ರೋಜಾ ಕೆಡುವುದಿಲ್ಲ ಎಂದು ಯಾರೋ ಮೌಲ್ವಿಗಳು ಹೇಳಿದ್ದರಂತೆ. ಅತ್ತೆ ಒಪ್ಪಲಿಲ್ಲ. "ಹಸಿದವರಿಗೆ ಅಂತ ಬೇಯಿಸಿದ್ದನ್ನ ಉಗುಳೋದಾ?" ಎಂದರು. ಮಕ್ಕಳನ್ನು ಕರೆದು ಕೇಳಿದರೆ ಅವಕ್ಕೆ ಎಲ್ಲವೂ ರುಚಿಯೇ, ಇನ್ನೊಂದು ಬಟ್ಟಲು ಸಿಕ್ಕರೆ ಸಾಕು.

ಆದ್ದರಿಂದ ಉಪ್ಪು ನನ್ನ ಕೈಗೆ ಬಂತು. ಮದುವೆಯಾದ ಎರಡನೆಯ ವರ್ಷ ಅತ್ತೆ ಒಂದು ದಿನ, "ನೀನು ಹಾಕು ನೋಡೋಣ" ಎಂದರು. ಮೂರು ಮುಷ್ಟಿ ಹರಳುಪ್ಪು ಹಾಕಿ, ಬಗ್ಗಿ ಆವಿಯನ್ನು ಮೂಸಿ ನೋಡಿ, ಮತ್ತೆ ಮೂರು ಬೆರಳಲ್ಲಿ ಒಂದು ಚಿಟಿಕೆ ಹಾಕಿದೆ. ಉಪ್ಪು ಬಿದ್ದ ಗಂಜಿಯ ವಾಸನೆ ಬೇರೆ, ಬೀಳದ ಗಂಜಿಯದು ಬೇರೆ. ಅದನ್ನು ನಾನು ಯಾರಿಂದಲೂ ಕಲಿತದ್ದಲ್ಲ. ಆ ಸಂಜೆ ಮಸೀದಿಯಿಂದ ಖಾಲಿ ಪಾತ್ರೆಯ ಜೊತೆಗೆ ಮಾತೂ ಬಂತು: ಇವತ್ತು ಉಪ್ಪು ಹದವಾಗಿತ್ತು ಅಂತ ಎಲ್ಲರೂ ಹೇಳಿದರು. ನಮ್ಮ ಜೊತೆ ಕೆಲಸ ಮಾಡುತ್ತಿದ್ದ ಟಾಂಗಾದವನ ಹೆಂಡತಿ, ಬಾಯಿ ಜೋರಿನ ಹೆಂಗಸು, "ಇವಳ ಅಂಗೈಯಲ್ಲೇ ಒಂದು ನಾಲಿಗೆ ಇದೆ ಮಾರಾಯ್ತಿ" ಎಂದಳು. ನಾಲ್ಕು ರಂಜಾನ್ ಹಾಗೆ ನಡೆಯಿತು.

ಮದುವೆಯಾಗಿ ಆರು ವರ್ಷವಾಗಿದ್ದರೂ ನನಗೆ ಮಕ್ಕಳಾಗಿರಲಿಲ್ಲ. ನನ್ನ ಗಂಡ ಲಾರಿ ಡ್ರೈವರ್, ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಅತ್ತೆ ನನ್ನನ್ನು ಒಂದು ಕೆಟ್ಟ ಮಾತು ಆಡಿದವರಲ್ಲ. ಆದರೆ ಆ ಮನೆಯಲ್ಲಿ ಇದು ನನ್ನದು, ನಾನಿಲ್ಲದಿದ್ದರೆ ಇದು ನಡೆಯುವುದಿಲ್ಲ ಎಂದು ಹೇಳಬಹುದಾದದ್ದು ಆ ಉಪ್ಪು ಒಂದೇ ಆಗಿತ್ತು.

ನಾನು ಹೇಳಬೇಕಾದ ರಂಜಾನ್ ಅರವತ್ತರ ದಶಕದ ನಡುವಿನದು. ಮಳೆ ಕೈಕೊಟ್ಟು ಅಕ್ಕಿ ಅಂಗಡಿಯಲ್ಲಿ ಕಾಣದಂತಾಗಿದ್ದ ಕಾಲ. ರೇಷನ್ನಿನಲ್ಲಿ ಕೆಂಪು ಜೋಳ ಕೊಡುತ್ತಿದ್ದರು. ಅದನ್ನು ಒಡೆಸಿ ರವೆ ಮಾಡಿ ನುಚ್ಚಕ್ಕಿಯ ಜೊತೆ ಅರ್ಧಕ್ಕರ್ಧ ಬೆರೆಸಿ ಗಂಜಿ ಕಾಯಿಸುತ್ತಿದ್ದೆವು. ರಂಜಾನ್ ಚಳಿಗಾಲದಲ್ಲಿ ಬಂದಿತ್ತು. ಹಿತ್ತಲ ಬಾಗಿಲಿನ ಸಾಲು ಹಿಂದಿನ ವರ್ಷದ ಎರಡರಷ್ಟಾಗಿತ್ತು.

ರಂಜಾನ್ ಹುಟ್ಟುವ ಮುಂಚೆ ನಾನು ಭದ್ರಾವತಿಯ ತವರಿಗೆ ಹೋಗಿದ್ದೆ. ಅಬ್ಬಾ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅಮ್ಮೀ ಕ್ವಾರ್ಟರ್ಸಿನ ಮನೆಮನೆಗೂ ಹೇಳಿ, ದಿನಕ್ಕೊಂದು ಹಿಡಿಯಂತೆ ಎತ್ತಿಡಿಸಿದ ಅಕ್ಕಿಯನ್ನು ನಮ್ಮ ಗಂಜಿಗೆಂದು ಕೂಡಿಡುತ್ತಿದ್ದರು. ಎಲ್ಲ ಜಾತಿಯ ಮನೆಯ ಅಕ್ಕಿ ಅದು. ಕೆಂಪು, ಬಿಳಿ, ದಪ್ಪ, ಸಣ್ಣ ಎಲ್ಲ ಸೇರಿ ಎರಡು ಚೀಲ. ಪಕ್ಕದ ಮನೆಯ ತಮಿಳಮ್ಮ ಗೋಡೆಯ ಮೇಲಿನಿಂದ ಇಣುಕಿ, "ಏನಮ್ಮಾ, ವಿಶೇಷ ಏನಾದ್ರೂ ಉಂಟಾ?" ಎಂದು ನನ್ನ ಹೊಟ್ಟೆ ನೋಡಿದರು. "ಎರಡು ಚೀಲ ಅಕ್ಕಿ ಉಂಟು" ಎಂದೆ. ಅಮ್ಮೀ ನಕ್ಕರು, ತಮಿಳಮ್ಮನೂ ನಕ್ಕರು. ನಾನೂ ನಕ್ಕೆ.

ಚೀಲಗಳನ್ನು ಪ್ಯಾಸೆಂಜರ್ ರೈಲಿಗೆ ಹಾಕಿಸಿಕೊಂಡು, ಶಿವಮೊಗ್ಗ ಸ್ಟೇಷನ್ನಿನಿಂದ ಟಾಂಗಾ ಮಾಡಿಸಿಕೊಂಡು ಮನೆಗೆ ಬಂದೆ. ಅಂಗಳದಲ್ಲಿ ಎತ್ತಿನ ಗಾಡಿ ನಿಂತಿತ್ತು. ನನ್ನ ಮೈದುನನಿಗೆ ಹಿಂದಿನ ಬೇಸಿಗೆಯಲ್ಲಿ ಹೊಳೆಹೊನ್ನೂರಿನ ಭತ್ತದ ವ್ಯಾಪಾರಿಯ ಮಗಳನ್ನು ತಂದಿದ್ದರು. ಅವಳ ಅಪ್ಪ ಗಂಜಿಗೆಂದು ನುಚ್ಚು ಕಳಿಸಿದ್ದರು, ಗಾಡಿಯ ತುಂಬ. ನನ್ನ ಎರಡು ಚೀಲಗಳನ್ನು ಆ ಚೀಲಗಳ ಪಕ್ಕದಲ್ಲೇ ಇಳಿಸಿದರು. ಸ್ವಲ್ಪ ಹೊತ್ತಿಗೆ ಯಾವುದು ನನ್ನದು ಎಂದು ಗುರುತು ಸಿಗಲಿಲ್ಲ.

"ಭಾಬಿ, ಸುಸ್ತಾಗಿದ್ದೀರಿ, ಕೂತ್ಕೊಳ್ಳಿ" ಎಂದು ವಾರಗಿತ್ತಿ ನೀರು ತಂದುಕೊಟ್ಟಳು. ಅವಳಿಗೆ ಆಗ ಐದು ತಿಂಗಳು. ಹತ್ತೊಂಬತ್ತು ವರ್ಷದ ಹುಡುಗಿ. ಅವಳಲ್ಲಿ ಏನು ದೋಷವಿತ್ತೆಂದು ಆಗ ಹುಡುಕಿದ್ದೆ, ಈಗಲೂ ಹುಡುಕಿದ್ದೇನೆ. ಜೋರಾಗಿ ನಗುತ್ತಿದ್ದಳು. ಅದೊಂದೇ.

ಬಸುರಿಯಾದ್ದರಿಂದ ರೋಜಾ ಬೇಡ, ಮಗು ಹುಟ್ಟಿದ ಮೇಲೆ ಬದಲಿಗೆ ಹಿಡಿದರಾಯಿತು ಎಂದು ಅತ್ತೆ ಮೊದಲೇ ಹೇಳಿದ್ದರು. ಮೊದಲ ದಿನ ದೇಗು ಕುದಿ ಬಂದಾಗ ನಾನು ಎಂದಿನಂತೆ ಉಪ್ಪಿನ ಕುಡಿಕೆ ಹಿಡಿದು ನಿಂತಿದ್ದೆ. ಮೂರು ಮುಷ್ಟಿ ಹಾಕಿದೆ. ಮೂಸಲು ಬಗ್ಗುವಷ್ಟರಲ್ಲಿ ಅತ್ತೆ, "ತಡಿ, ಈ ಸಲ ನಮ್ಮಲ್ಲಿ ಒಂದು ನಾಲಿಗೆ ಇದೆಯಲ್ಲ" ಎಂದರು. ಸಣ್ಣ ಬಟ್ಟಲಲ್ಲಿ ಗಂಜಿ ತೆಗೆದು, ಅದಕ್ಕೆ ಮನೆಯ ತುಪ್ಪದಿಂದ ಅರ್ಧ ಚಮಚ ಬಿಟ್ಟು, ಊದಿ ಆರಿಸಿ ವಾರಗಿತ್ತಿಯ ಕೈಗೆ ಕೊಟ್ಟರು.

ಅವಳು ಕುಡಿದಳು. ನಾವು ಆರು ಜನ ರೋಜಾದವರು ಸುತ್ತ ನಿಂತು ಅವಳ ಗಂಟಲನ್ನೇ ನೋಡುತ್ತಿದ್ದೆವು.

"ಒಂದು ಚೂರು ಕಮ್ಮಿ, ಅಮ್ಮಾ" ಎಂದಳು.

"ಹಾಕು ಮತ್ತೆ, ನಿನ್ನ ಕೈಯಿಂದಲೇ ಹಾಕು."

ಅವಳು ನನ್ನ ಕುಡಿಕೆಗೆ ಕೈ ಹಾಕಿ ಒಂದು ಚಿಟಿಕೆ ತೆಗೆದು ಉದುರಿಸಿದಳು. ನಾನು ಮೂಸಿ ನೋಡಿದ್ದರೂ ಅಷ್ಟನ್ನೇ ಹಾಕುತ್ತಿದ್ದೆ. ಆದರೆ ಅದನ್ನು ಈಗ ಯಾರಿಗೆ ಹೇಳಲಿ?

ದಿನವೂ ಹಾಗೇ ಆಯಿತು. ಮೂರು ಮುಷ್ಟಿ ನನ್ನದು, ಮಾತು ಅವಳದು. ಗಲ್ಲಿಯ ಹೆಂಗಸರು ಆ ಹೊತ್ತಿಗೆ ಸರಿಯಾಗಿ ಬರತೊಡಗಿದರು. ಬಟ್ಟಲು ಅವಳ ಬಾಯಿಗೆ ಹೋಗುವುದನ್ನು ನೋಡುವುದು, ಹೊಟ್ಟೆ ಮುಂದೆ ಬಂದಿದೆಯೋ ಅಗಲವಾಗಿದೆಯೋ ಎಂದು ಹೇಳುವುದು, ಗಂಡೋ ಹೆಣ್ಣೋ ಎಂದು ನಗುವುದು. "ರುಚಿ ನೋಡ್ತಿರೋದು ನೀನಲ್ಲ ಮಾರಾಯ್ತಿ, ಒಳಗಿರೋ ಆಸಾಮಿ" ಎಂದು ಟಾಂಗಾದವನ ಹೆಂಡತಿ ಒಂದು ದಿನ ಹೇಳಿದಳು. ಎಲ್ಲರೂ ನಕ್ಕರು. ನಾನು ಒಲೆಯ ಕೊಳ್ಳಿ ಸರಿಮಾಡಲು ಬಗ್ಗಿದೆ. ಕೊಳ್ಳಿ ಸರಿಯಾಗಿಯೇ ಇತ್ತು.

ನನಗೆ ಹೊಟ್ಟೆಕಿಚ್ಚಾದದ್ದು ಯಾವುದಕ್ಕೆ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಮಗುವಿಗೆ ಎಂದು ಎಲ್ಲರೂ ಹೇಳಿಯಾರು. ಇರಬಹುದು. ಆದರೆ ಕಣ್ಣು ಮುಚ್ಚಿದರೆ ನನಗೆ ಕಾಣುತ್ತಿದ್ದುದು ಆ ಬಟ್ಟಲು, ಗಂಜಿಯ ಮೇಲೆ ಕರಗುವ ಆ ಅರ್ಧ ಚಮಚ ತುಪ್ಪ, ಅತ್ತೆ ಅದನ್ನು ಊದುವಾಗ ಮುಂದೆ ಚಾಚಿದ ಅವರ ತುಟಿ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಹೆಂಗಸರಿಗೆ ತಿಂಗಳಲ್ಲಿ ಕೆಲವು ದಿನ ನಮಾಜೂ ಇಲ್ಲ, ರೋಜಾವೂ ಇಲ್ಲ. ಆ ದಿನಗಳಲ್ಲಿ ಯಾರು ಬೇಕಾದರೂ ಉಪ್ಪು ನೋಡಬಹುದು. ಆದರೆ ಯಾರೂ ನೋಡುತ್ತಿರಲಿಲ್ಲ. ಅದನ್ನು ಹೇಳಿಕೊಳ್ಳುವವರಿಲ್ಲ. ಒಳಗೆ ಮರೆಯಲ್ಲಿ ಒಂದಿಷ್ಟು ತಿಂದು, ಹೊರಗೆ ಎಲ್ಲರ ಹಾಗೆ ಒಣ ತುಟಿಯಲ್ಲಿ ಓಡಾಡುತ್ತಿದ್ದೆವು. ನನಗಂತೂ ಇನ್ನೂ ಕಷ್ಟ. ನಾನು ಬಟ್ಟಲು ಹಿಡಿದರೆ ಈ ತಿಂಗಳೂ ಏನೂ ಇಲ್ಲ ಎಂದು ಗಲ್ಲಿಗೇ ಸಾರಿದಂತೆ.

ಹದಿನಾಲ್ಕನೆಯ ರೋಜಾದ ದಿನ ನನಗೆ ನಮಾಜಿಲ್ಲದ ದಿನಗಳು ಶುರುವಾದವು. ನಾಲ್ಕು ದಿನ ತಡವಾಗಿತ್ತು. ಆ ನಾಲ್ಕು ದಿನ ನಾನು ಮನಸ್ಸಿನಲ್ಲೇ ಏನೇನು ಕಟ್ಟಿಕೊಂಡಿದ್ದೆ ಎಂಬುದನ್ನು ಬರೆಯುವುದಿಲ್ಲ.

ಅಂದು ಮಧ್ಯಾಹ್ನ ದೇಗು ಕುದಿಯಿತು. ಮೂರು ಮುಷ್ಟಿ ಉಪ್ಪು ಹಾಕಿದೆ. ಜೋಳದ ರವೆ ಹೆಚ್ಚಿದೆ ಎಂದು ಅರ್ಧ ಮುಷ್ಟಿ ಮೇಲೆ ಹಾಕಿದೆ. ವಾರಗಿತ್ತಿ ಬಟ್ಟಲಿನಿಂದ ಕುಡಿದು, ಕಣ್ಣರಳಿಸಿ ನನ್ನ ಕಡೆ ತಿರುಗಿದಳು.

"ಸರಿಯಾಗಿದೆ ಭಾಬಿ! ಇವತ್ತು ನಿಮ್ಮ ಕೈ ಒಂದು ಚಿಟಿಕೆನೂ ತಪ್ಪಿಲ್ಲ."

"ಭೇಷ್" ಎಂದರು ಅತ್ತೆ. ಅವಳಿಗೋ ನನಗೋ ಗೊತ್ತಾಗಲಿಲ್ಲ.

ಕಮ್ಮಿ ಎಂದಿದ್ದರೆ ಸಹಿಸುತ್ತಿದ್ದೆ. ಹದಿಮೂರು ದಿನ ಸಹಿಸಿದ್ದೆನಲ್ಲ. ನಾಲ್ಕು ವರ್ಷ ಯಾರ ನಾಲಿಗೆಯೂ ಬೇಕಿರದ ನನ್ನ ಕೈಗೆ ಇವಳು ಪಾಸು ಕೊಟ್ಟಳು. ಅದನ್ನು ತಡೆದುಕೊಳ್ಳಲಾಗಲಿಲ್ಲ.

ಮಸೀದಿಯಲ್ಲಿ ಇಳಿಹೊತ್ತಿನ ಅಸರ್ ಬಾಂಗ್ ಆಯಿತು. ಹೆಂಗಸರು ಕೈಕಾಲು ಮುಖ ತೊಳೆದು ವಜೂ ಮಾಡಿ ನಮಾಜಿಗೆಂದು ಒಳಗೆ ಹೊರಟರು. ಬೇರೆ ತಿಂಗಳಾದರೆ ನಾನೂ ಅವರ ಜೊತೆ ಎದ್ದು, ಒಳಕೋಣೆಗೆ ಹೋಗಿ ಸುಮ್ಮನೆ ಕೂತು ಬರುತ್ತಿದ್ದೆ. ಅಂದು ಏಳಲು ಮನಸ್ಸಾಗಲಿಲ್ಲ. "ನೀವು ಹೋಗಿ. ನಾನು ಬೆಂಕಿ ನೋಡ್ಕೊಳ್ತೀನಿ" ಎಂದೆ.

ಅತ್ತೆ ಹೊಸ್ತಿಲಲ್ಲಿ ನಿಂತು ಹಿಂದಿರುಗಿ ನೋಡಿದರು. ಅರ್ಥವಾಯಿತು ಅವರಿಗೆ. ಸೆರಗು ತಲೆಗೆ ಎಳೆದುಕೊಂಡು ಒಳಗೆ ಹೋದರು. ಅವರ ಹಿಂದೆ ವಾರಗಿತ್ತಿ, ಒಂದು ಕೈಯಿಂದ ಚೌಕಟ್ಟು ಹಿಡಿದು, ಹೊಟ್ಟೆ ಜೋಪಾನ ಮಾಡಿಕೊಳ್ಳುತ್ತ.

ಹಿತ್ತಲಲ್ಲಿ ನಾನು ಒಬ್ಬಳೇ ಉಳಿದೆ. ಮುಚ್ಚಳ ತೆಗೆದೆ. ಕುಡಿಕೆಯಿಂದ ಒಂದು ಮುಷ್ಟಿ ಉಪ್ಪು ತೆಗೆದು ಹಾಕಿದೆ. ಆಮೇಲೆ ಇನ್ನೊಂದು. ಮೂರನೆಯದು ಅರ್ಧ. ಸೌಟಿನಿಂದ ತಳದ ತನಕ ತಿರುವಿದೆ. ಮುಚ್ಚಳ ಮುಚ್ಚಿದೆ. ಯಾರೂ ನೋಡಲಿಲ್ಲ. ಸಾಲಿನವರು ಕೂಗಾಡುತ್ತಾರೆ, ಇವಳ ನಾಲಿಗೆ ಎಂಥದು ಎಂದು ಎಲ್ಲರಿಗೂ ತಿಳಿಯುತ್ತದೆ ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಸಾಲಿನವರು ಆ ಗಂಜಿಯನ್ನು ಕುಡಿಯಬೇಕು ಎಂಬುದು ತಲೆಯಲ್ಲಿ ಇರಲಿಲ್ಲ. ಇರಲಿಲ್ಲ ಎಂಬುದೇ ಈಗ ನನ್ನನ್ನು ಹೆದರಿಸುತ್ತದೆ.

ಐದು ಗಂಟೆಗೆ ಬಾಗಿಲು ತೆರೆದೆವು. ಬಡಿಸಲು ನಾನೇ ಕೂತೆ. ಸಾಲಿನಲ್ಲಿ ಮೊದಲು ಯಾವಾಗಲೂ ಒಬ್ಬ ಮುದುಕಿ ಇರುತ್ತಿದ್ದಳು. ಬಯಲುಸೀಮೆಯವಳು, ಅಂಚು ನೆಗ್ಗಿದ ಅಲ್ಯೂಮಿನಿಯಂ ಪಾತ್ರೆ ತರುತ್ತಿದ್ದಳು. ಅವಳಿಗೆ ಎರಡು ಸೌಟು ಹಾಕಿದೆ. ಪಕ್ಕಕ್ಕೆ ಸರಿದು, ಗೋಡೆಗೆ ಒರಗಿ ಕೂತು, ಪಾತ್ರೆ ಎತ್ತಿ ಕುಡಿದಳು.

ಕುಡಿದವಳು ನಿಲ್ಲಿಸಿದಳು. ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿದಳು. ಪಾತ್ರೆಯೊಳಗೆ ನೋಡಿದಳು, ನನ್ನ ಕಡೆ ನೋಡಿದಳು. ಈಗ ಕೂಗುತ್ತಾಳೆ ಎಂದು ಕಾದೆ. ಅವಳು ಎದ್ದು ಬಾವಿಕಟ್ಟೆಯ ಬಳಿಯ ಕೊಡದಿಂದ ಒಂದು ಚೊಂಬು ನೀರು ಬಗ್ಗಿಸಿಕೊಂಡು ಬಂದು, ಬೆರಳಲ್ಲಿ ಕಲಸಿ, ಪೂರ್ತಿ ಕುಡಿದಳು.

ಎರಡನೆಯವನು ಹಮಾಲ. ಅವನೂ ಹಾಗೇ ಮಾಡಿದ. ಮಗುವನ್ನು ಕಂಕುಳಲ್ಲಿ ಹೊತ್ತ ಹೆಂಗಸು ಮೊದಲು ತಾನು ನೋಡಿ, ನೀರು ಬೆರೆಸಿ, ಆಮೇಲೆ ಮಗುವಿನ ಬಾಯಿಗೆ ಹಿಡಿದಳು. ಮಗು ಮುಖ ತಿರುಗಿಸಿತು. ಅವಳು ಇನ್ನಷ್ಟು ನೀರು ಬೆರೆಸಿದಳು. ಯಾರೂ ಒಂದು ಮಾತು ಆಡಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಗಂಜಿಯ ಸಾಲಿಗಿಂತ ಬಾವಿಕಟ್ಟೆಯ ಸಾಲು ಉದ್ದವಾಯಿತು. ನಾನು ಬಡಿಸುತ್ತಲೇ ಇದ್ದೆ. ನನ್ನ ಕೈ ನಿಲ್ಲಲಿಲ್ಲ, ಅದನ್ನೂ ಹೇಳಿಬಿಡಬೇಕು.

ಅತ್ತೆಗೆ ಕೊಡ ಖಾಲಿಯಾದಾಗ ಅನುಮಾನ ಬಂತು. "ಏನಿದು, ಇವತ್ತು ಎಲ್ಲರಿಗೂ ಇಷ್ಟು ಬಾಯಾರಿಕೆ?" ಎಂದು ವಾರಗಿತ್ತಿಯನ್ನು ಕರೆದರು. ಅವಳು ಸೌಟಿನಿಂದ ಅಂಗೈಗೆ ಸುರಿದುಕೊಂಡು ನೆಕ್ಕಿದಳು. ಅವಳ ಮುಖದಲ್ಲಿ ನಗು ಇತ್ತು, ಅದು ಹೋಯಿತು.

"ಅಮ್ಮಾ... ಇದು... ನನಗೆ ಗೊತ್ತೇ ಆಗಲಿಲ್ಲವಾ?"

"ನೀನು ಸರಿಯಾಗಿದೆ ಅಂದೆಯಲ್ಲೇ" ಎಂದಳು ಟಾಂಗಾದವನ ಹೆಂಡತಿ.

"ಸರಿಯಾಗೇ ಇತ್ತು. ಬಾಯಿಗೆ ಸರಿಯಾಗೇ ಇತ್ತು." ಅವಳು ತನ್ನ ತುಟಿ ಮುಟ್ಟಿಕೊಂಡಳು. "ನನ್ನ ನಾಲಿಗೆಗೆ ಏನಾಗಿದೆ?"

ಅತ್ತೆ ಬಗ್ಗಿ ದೇಗಿನೊಳಗೆ ನೋಡಿದರು. ಅಂಚನ್ನು ಬೆರಳಿನಿಂದ ಒಂದು ಸಲ ಸವರಿದರು. ಆಮೇಲೆ ಎರಡು ಕೊಡ ನೀರು ಸೇದಿಸಿ, ಕಾಯಿಸಿ ಹೊಯ್ಯಿಸಿದರು. ಆ ಸಂಜೆ ಮಸೀದಿಗೆ ಹೋದದ್ದು ತಿಳಿಗಂಜಿ.

ವಾರಗಿತ್ತಿ ಅಳಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಕೂತು, "ಅಮ್ಮಾ, ನಾಳೆಯಿಂದ ನಾನೂ ರೋಜಾ ಹಿಡೀತೀನಿ" ಎಂದಳು. "ಎಲ್ಲರೂ ಹಸಿದಿರುವಾಗ ನಾನೊಬ್ಬಳು ತುಪ್ಪ ಹಾಕ್ಕೊಂಡು ತಿಂದೆ. ಕೊಟ್ಟದ್ದು ಒಂದೇ ಕೆಲಸ. ಅದೂ ಆಗಲಿಲ್ಲ."

"ಹುಚ್ಚಿ, ಹೊಟ್ಟೆಯಲ್ಲಿ ಮಗು ಇದೆ" ಎಂದರು ಅತ್ತೆ.

"ಇದೆಯಲ್ಲ, ಅದಕ್ಕೇ ಭಯ."

ನಾನು ಅಲ್ಲೇ ಕೂತು ಪಾತ್ರೆ ತೊಳೆಯುತ್ತಿದ್ದೆ. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ.

ಮರುದಿನ ಅವಳು ನಿಜಕ್ಕೂ ರೋಜಾ ಹಿಡಿದಳು. ಮಧ್ಯಾಹ್ನದ ಹೊತ್ತಿಗೆ ತುಟಿ ಬಿಳಿಚಿತ್ತು. ಪುದೀನ ಸೊಪ್ಪು ಬಿಡಿಸುತ್ತ ಕೂತವಳು ಎದ್ದು ನಿಲ್ಲುವಾಗ ಒಂದು ಸಲ ಗೋಡೆ ಹಿಡಿದಳು. ಅತ್ತೆ ಅದನ್ನು ನೋಡಿದರು, ನನ್ನನ್ನೂ ನೋಡಿದರು. ದೇಗು ಕುದಿ ಬಂದಾಗ, "ಇವತ್ತಿಂದ ಮೊದಲಿನ ಹಾಗೇ. ನಿನ್ನ ಕೈ" ಎಂದು ಉಪ್ಪಿನ ಕುಡಿಕೆಯನ್ನು ನನ್ನ ಮುಂದಿಟ್ಟರು.

ನನಗೆ ಬೇಕಾಗಿದ್ದುದು ಅದೇ. ಮುಷ್ಟಿಯಲ್ಲಿ ಉಪ್ಪು ತೆಗೆದೆ. ಎಷ್ಟು ಹಾಕಬೇಕು ಎಂದು ಗೊತ್ತಾಗಲಿಲ್ಲ. ಬಗ್ಗಿ ಮೂಸಿದೆ. ಬರೀ ಬಿಸಿ ಆವಿ ಮೂಗಿಗೆ ಹೊಡೆಯಿತು. ಮುಷ್ಟಿ ಸಡಿಲ ಮಾಡಿ ಸ್ವಲ್ಪ ಬಿಟ್ಟೆ, ಉಳಿದದ್ದನ್ನು ವಾಪಸ್ಸು ಕುಡಿಕೆಗೆ ಹಾಕಿದೆ. ನನಗೆ ಅಂದೂ ರೋಜಾ ಇರಲಿಲ್ಲ. ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ನೋಡಿದ್ದರೆ ಮುಗಿಯುತ್ತಿತ್ತು. ನೋಡಲಿಲ್ಲ.

ಐದು ಗಂಟೆಗೆ ಬಾಗಿಲು ತೆರೆಯಿತು. ಮುದುಕಿ ಮೊದಲಿಗಳು. ಪಾತ್ರೆ ಮುಂದೆ ಚಾಚಿದಳು. ಸೌಟು ಎತ್ತಿದವಳು ನಿಂತೆ. ಪಾತ್ರೆಯಲ್ಲಿ ಕಾಲು ಭಾಗ ನೀರಿತ್ತು.

"ಅಜ್ಜಿ, ನೀರು ಚೆಲ್ಲಿ ಹಿಡೀರಿ."

"ಇರ್ಲಿ ಬಿಡವ್ವ, ಹಂಗೇ ಹಾಕು. ಬಾವಿತಾವ ನೂಕುನುಗ್ಗಲು ಆಗ್ತತಿ, ಅದ್ಕೆ ಬರ್ತಾನೇ ತಂದ್ಕಂಡೆ."

ಅವಳ ಹಿಂದೆ ನೋಡಿದೆ. ಹಮಾಲನ ಚೊಂಬಿನಲ್ಲೂ ನೀರು. ಮಗುವಿನ ತಾಯಿ ಒಂದು ಬಾಟಲಿಯನ್ನೇ ತಂದಿದ್ದಳು. ಉಪ್ಪು ಹೆಚ್ಚಾಯಿತು ಎಂದು ಯಾರೂ ದೂರಲಿಲ್ಲ, ನಾಳೆ ಬರುವುದಿಲ್ಲ ಎನ್ನಲೂ ಇಲ್ಲ. ಇನ್ನು ಮುಂದೆ ಇಲ್ಲಿನ ಗಂಜಿ ಹೀಗೇ ಇರುತ್ತದೆ, ನೀರು ತಂದುಕೊಂಡರೆ ಆಯಿತು ಎಂದುಕೊಂಡು ಹೊಳೆಯಿಂದ ಹಿಡಿದುಕೊಂಡು ಬಂದಿದ್ದರು.

ಸೌಟನ್ನು ದೇಗಿನ ಮೇಲೆ ಅಡ್ಡ ಇಟ್ಟೆ.

"ಅಜ್ಜಿ, ನಿನ್ನೆ ಉಪ್ಪು ಜಾಸ್ತಿ ಹಾಕಿದ್ದು ನಾನು. ಬೇಕಂತಲೇ ಹಾಕಿದೆ."

ಕನ್ನಡದಲ್ಲಿ ಹೇಳಿದೆ. ಸಾಲಿನವರಿಗೂ ಕೇಳಿತು, ನನ್ನ ಹಿಂದಿದ್ದವರಿಗೂ ಕೇಳಿತು. ಹಿಂದಿರುಗಿ ವಾರಗಿತ್ತಿಗೆ, "ನೀನು ನೋಡಿದ ಮೇಲೆ. ನೀವೆಲ್ಲ ನಮಾಜಿಗೆ ಹೋದಾಗ. ನಿನ್ನ ನಾಲಿಗೆ ಸರಿಯಾಗಿದೆ" ಎಂದೆ.

ಮುದುಕಿಯೇ ಮೊದಲು ಮಾತಾಡಿದಳು. "ಹೋಗ್ಲಿ ಬಿಡವ್ವ. ನೀರು ಜಾಸ್ತಿ ಕುಡಿದ್ವಲ್ಲ, ನಿನ್ನೆ ಹೊಟ್ಟೆ ತುಂಬ್ತು" ಎಂದಳು. ಸಾಲಿನಲ್ಲಿ ಯಾರೋ ನಕ್ಕರು. ತಮಾಷೆಗೆ ಹೇಳಿದಳೋ ನಿಜ ಹೇಳಿದಳೋ ನನಗೆ ಇಂದಿಗೂ ತಿಳಿಯದು.

ವಾರಗಿತ್ತಿ ನಗಲಿಲ್ಲ. ಪುದೀನದ ತಟ್ಟೆ ಕೆಳಗಿಟ್ಟು ಎದ್ದು ಬಂದಳು.

"ನಿನ್ನೆ ಕೋಣೆ ಬಾಗಿಲು ಹಾಕ್ಕೊಂಡು ಬೆಲ್ಲ ತಿಂದು ನೋಡಿದೆ ಭಾಬಿ. ಹುಣಸೆಹಣ್ಣು ನೋಡಿದೆ. ಉಪ್ಪು ನೋಡಿದೆ. ಒಂದೊಂದೇ ಇಟ್ಕೊಂಡು ನೋಡಿದೆ. ಎಲ್ಲ ಗೊತ್ತಾಗ್ತಿತ್ತು. ಗೊತ್ತಾದ್ರೂ ನಂಬಿಕೆ ಬರಲಿಲ್ಲ. ಮಗುವಿಗೇ ಏನೋ ಆಗಿದೆ ಅಂದ್ಕೊಂಡೆ."

ಅವಳು ನನ್ನ ಕೈಯ ಪಕ್ಕದಿಂದ ಸೌಟು ತೆಗೆದುಕೊಂಡು, ಬಟ್ಟಲಿಗೆ ಸುರಿದು, ಎಲ್ಲರ ಎದುರಿಗೆ ಕುಡಿದಳು. ಅವಳ ರೋಜಾ ಮುರಿಯಿತು. ಅತ್ತೆ ತಡೆಯಲಿಲ್ಲ.

"ಇದಕ್ಕೆ ಉಪ್ಪೇ ಇಲ್ಲ" ಎಂದಳು.

"ನಿನ್ನೆ ಸಮುದ್ರ, ಇವತ್ತು ಮಳೆನೀರು! ಏನಮ್ಮಾ ನಿನ್ನ ಕೈ" ಎಂದು ಟಾಂಗಾದವನ ಹೆಂಡತಿ ಹಣೆ ಚಚ್ಚಿಕೊಂಡಳು. ವಾರಗಿತ್ತಿ ಉಪ್ಪಿನ ಕುಡಿಕೆಯನ್ನು ನನ್ನಿಂದ ದೂರಕ್ಕೆ ಎಳೆದುಕೊಂಡು ತಾನೇ ಹಾಕಿದಳು. ಆಮೇಲೆ ಇನ್ನೊಂದು ಬಟ್ಟಲು ಗಂಜಿ ಬಗ್ಗಿಸಿಕೊಂಡು, ನನಗೆ ಬೆನ್ನು ಮಾಡಿ ನಿಂತು, ಹಸಿದವಳ ಹಾಗೆ ಕುಡಿದಳು. ಹಬ್ಬದ ತನಕ ಅವಳು ನನ್ನೊಡನೆ ಬೇಕಾದಷ್ಟೇ ಮಾತಾಡಿದಳು.

ದೇಗು ತೊಳೆಯುವಾಗ ಅತ್ತೆ ಪಕ್ಕಕ್ಕೆ ಬಂದು ಕೂತರು. ಬೂದಿಯಲ್ಲಿ ಹುಣಸೆ ಸಿಪ್ಪೆ ಅದ್ದಿ ತಿಕ್ಕುತ್ತ, "ಅಂಚಲ್ಲಿ ಹರಳು ಅಂಟ್ಕೊಂಡಿತ್ತು. ಕುದಿಯುವಾಗ ಹಾಕಿದ ಉಪ್ಪಾದರೆ ಹರಳು ಉಳಿಯೋದಿಲ್ಲ" ಎಂದರು.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ ಅಮ್ಮಾ?"

"ನಾನು ಹೇಳಿದ್ದರೆ ಅದು ಅತ್ತೆ ಸೊಸೆ ಜಗಳ ಆಗ್ತಿತ್ತು. ಊರೆಲ್ಲ ನಿನ್ನ ಹೊಟ್ಟೆ ವಿಷಯಾನೇ ಆಡ್ಕೊಳ್ತಿತ್ತು. ನೀನು ಹೇಳಿದ್ದಕ್ಕೆ ಉಪ್ಪಿನ ಮಾತಷ್ಟೇ ಆಯ್ತು." ಸ್ವಲ್ಪ ಹೊತ್ತು ತಿಕ್ಕಿದರು. "ನಿನ್ನೆ ನಿನಗೂ ನಾಲಿಗೆ ಇತ್ತು. ಇವತ್ತೂ ಇತ್ತು. ನಾಳೆ ಇರುತ್ತಾ?"

"ಇರುತ್ತೆ."

"ಹಾಗಾದ್ರೆ ನಾಳೆ ನೀನು ನೋಡು. ಒಳಗೆ ಅಲ್ಲ. ಇಲ್ಲೇ, ಎಲ್ಲರ ಎದುರಿಗೆ. ಅವಳಿಗೂ ಸ್ವಲ್ಪ ಸಮಾಧಾನ ಬೇಕು."

ಮರುದಿನ ಗಲ್ಲಿಯ ಹೆಂಗಸರು ಎಂದಿಗಿಂತ ಹೆಚ್ಚಾಗಿಯೇ ಬಂದಿದ್ದರು. ಸುದ್ದಿ ಹರಡಿತ್ತು. ಉಪ್ಪು ಹಾಕಿದ್ದು ವಾರಗಿತ್ತಿ. ಅತ್ತೆ ಅದೇ ಬಟ್ಟಲಲ್ಲಿ ಗಂಜಿ ತೆಗೆದರು. ತುಪ್ಪ ಬಿಡಲಿಲ್ಲ. ಊದಿ, ಆರಿಸಿ ನನ್ನ ಕೈಗೆ ಕೊಟ್ಟರು. ಈ ತಿಂಗಳೂ ಏನೂ ಇಲ್ಲ ಎಂದು ಎಲ್ಲರಿಗೂ ಗೊತ್ತಾಗುವ ಹಾಗೆ, ಹಗಲು ಬೆಳಕಿನಲ್ಲಿ, ನಿಂತುಕೊಂಡು ಕುಡಿದೆ. ಯಾರೂ ನಗಲಿಲ್ಲ. ಯಾರೋ ಕೆಮ್ಮಿದರು.

ನಾಲ್ಕು ವರ್ಷ ಉಪ್ಪು ಹಾಕಿದ್ದೆ, ದೇಗಿನಿಂದ ಆಗಷ್ಟೇ ತೆಗೆದ ಗಂಜಿಯ ರುಚಿ ನೋಡಿದ್ದು ಅದೇ ಮೊದಲು. ಇಫ್ತಾರಿನ ಹೊತ್ತಿಗೆ ಅದು ಆರಿ ಗಟ್ಟಿಯಾಗಿರುತ್ತಿತ್ತು. ಬಿಸಿಯಲ್ಲಿ ಜೋಳದ ಒಗರು ಮುಂದೆ ಬರುತ್ತದೆ, ಉಪ್ಪು ಹಿಂದಿನಿಂದ ಬಂದು ಅದನ್ನು ಹಿಡಿಯುತ್ತದೆ. ಅವಳ ಕೈ ಸರಿಯಾಗಿತ್ತು. ಇನ್ನೊಂದು ಚಿಟಿಕೆ ಬೇಕು ಎಂದು ಹೇಳುವ ಆಸೆ ನನ್ನ ಬಾಯಿಯ ತನಕ ಬಂತು. ಅದನ್ನು ಗಂಜಿಯ ಜೊತೆ ನುಂಗಿದೆ.

"ಸರಿಯಾಗಿದೆ" ಎಂದೆ.

ಹೊಟ್ಟೆಕಿಚ್ಚು ಅಲ್ಲಿಗೆ ಹೋಯಿತೆಂದು ಬರೆದರೆ ಸುಳ್ಳಾದೀತು. ಅವಳಿಗೆ ಗಂಡು ಹುಟ್ಟಿ, ನಾನು ಮಗುವನ್ನು ಎತ್ತಿಕೊಳ್ಳುವಾಗ ಅವಳು ಒಂದು ಕ್ಷಣ ನನ್ನ ಕೈಯನ್ನೇ ನೋಡಿದ ದಿನವೂ ಅದು ಇತ್ತು. ಆಮೇಲೂ ಇತ್ತು.

ಮುದುಕಿ ಆ ಸಂಜೆಯೂ ಪಾತ್ರೆಯಲ್ಲಿ ನೀರು ತಂದಿದ್ದಳು. ಸರಿಯಾಗಿದೆ ಅಜ್ಜಿ, ನಾನೇ ನೋಡಿದ್ದೇನೆ ಎಂದೆ. "ಆಗ್ಲವ್ವ" ಎಂದಳು, ನೀರು ಚೆಲ್ಲಲಿಲ್ಲ. ಮರುದಿನವೂ ತಂದಳು. ಅದರ ಮರುದಿನವೂ, ನೀರು ಸ್ವಲ್ಪ ಕಡಿಮೆ. ನಾನು ದಿನವೂ ಮೊದಲು ಅವಳ ಪಾತ್ರೆಯನ್ನು ನೋಡುತ್ತಿದ್ದೆ, ಆಮೇಲೆ ಮುಖವನ್ನು. ಇಪ್ಪತ್ತನೆಯ ರೋಜಾದ ದಿನ ಅವಳು ಒಣಪಾತ್ರೆ ಚಾಚಿದಳು.